ನಮ್ಮ ಶಾಸಕರು ಹೌದು ಎಂದರೋ, ಇಲ್ಲ ಎಂದರೋ?

2025ರ ಮಾರ್ಚ್ 21ರಂದು ನಮ್ಮ ವಿಧಾನಸಭೆಯಲ್ಲಿ ನಡೆದದ್ದು ನಿಮಗೆಲ್ಲ ನೆನಪಿರುತ್ತದೆ. ಹರಿದ ಕಾಗದಗಳು ಸ್ಪೀಕರ್ ಪೀಠದ ಕಡೆ ಹಾರಿದ್ದು, ಮಾರ್ಷಲ್‌ಗಳು ಶಾಸಕರನ್ನು ಎತ್ತಿಕೊಂಡು ಹೊರಗೆ ಬಿಟ್ಟಿದ್ದು, 18 ಜನ ಆರು ತಿಂಗಳಿಗೆ ಸಸ್ಪೆಂಡ್ ಆಗಿದ್ದು. ಟಿವಿಯಲ್ಲಿ ಇಡೀ ದಿನ ಅದೇ ಓಡಿತು. ಅದೇ ದಿನ, ಅದೇ ಗದ್ದಲದ ನಡುವೆ, ಶಾಸಕರ ಮತ್ತು ಮಂತ್ರಿಗಳ ಸಂಬಳ ಹೆಚ್ಚಿಸುವ ಎರಡು ಮಸೂದೆಗಳೂ ಪಾಸಾದವು. ಶಾಸಕರ ಸಂಬಳ ತಿಂಗಳಿಗೆ 40 ಸಾವಿರ ಇದ್ದದ್ದು 80 ಸಾವಿರವಾಯಿತು. ಮುಖ್ಯಮಂತ್ರಿಗಳದ್ದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿತು. ಚರ್ಚೆ ನಡೆಯಲಿಲ್ಲ.

ಸಂಬಳ ಏರಿದ್ದಕ್ಕೆ ನನ್ನ ತಕರಾರಿಲ್ಲ. ಕೆಲಸ ಮಾಡುವವರಿಗೆ ಸರಿಯಾದ ಸಂಬಳ ಸಿಗಬೇಕು, ಇಲ್ಲದಿದ್ದರೆ ದುಡ್ಡಿದ್ದವರು ಮಾತ್ರ ರಾಜಕೀಯಕ್ಕೆ ಬರುತ್ತಾರೆ. ನನಗೆ ಗೊತ್ತಾಗಬೇಕಿದ್ದದ್ದು ಒಂದೇ ವಿಷಯ. ನಮ್ಮ ಕ್ಷೇತ್ರದ ಶಾಸಕರು ಆ ಮಸೂದೆಗೆ ಹೌದು ಎಂದರೋ, ಇಲ್ಲ ಎಂದರೋ? ಅಥವಾ ಆ ಹೊತ್ತಿಗೆ ಸದನದಲ್ಲೇ ಇರಲಿಲ್ಲವೋ? ಇದು ರಹಸ್ಯದ ವಿಷಯ ಅಲ್ಲ ಅಲ್ವಾ? ಅವರು ನನ್ನ ಪರವಾಗಿ ಅಲ್ಲಿ ಕೂತಿರುವವರು. ನನ್ನ ಪರವಾಗಿ ಏನು ಹೇಳಿದರು ಅಂತ ನಾನು ಕೇಳುತ್ತಿದ್ದೇನೆ, ಅಷ್ಟೇ.

ಮರುದಿನದ ಪತ್ರಿಕೆಗಳನ್ನು ತಿರುವಿದೆ. ‘ಗದ್ದಲದ ನಡುವೆ ಅಂಗೀಕಾರ’ ಅಂತಷ್ಟೇ ಇತ್ತು. ಯೂಟ್ಯೂಬಿನಲ್ಲಿ ಕಲಾಪದ ವಿಡಿಯೊ ಹುಡುಕಿ ನೋಡಿದೆ. ಘೋಷಣೆಗಳ ಸದ್ದಿನಲ್ಲಿ ಯಾರ ದನಿ ಯಾರದ್ದು ಅಂತ ಹೇಳಲು ಸಾಧ್ಯವೇ ಇರಲಿಲ್ಲ. ಕೊನೆಗೆ ಶಾಸಕರ ಕಚೇರಿಗೇ ಫೋನ್ ಮಾಡಿದೆ. ಪಿಎ ಒಳ್ಳೆಯ ಮನುಷ್ಯರು, ತಾಳ್ಮೆಯಿಂದ ಕೇಳಿಸಿಕೊಂಡರು. ‘ಸಾಹೇಬ್ರು ಪಕ್ಷದ ಜೊತೆಗೇ ಇದ್ರು ಮೇಡಂ. ಎಲ್ರೂ ಒಪ್ಪಿದ ವಿಷಯ, ಅದ್ರಲ್ಲಿ ಕೇಳೋದೇನಿದೆ?’ ಎಂದರು. ‘ಒಪ್ಪಿದ್ದು ಎಲ್ಲಾದರೂ ಬರೆದಿದೆಯಾ ಸರ್?’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗೆಲ್ಲ ಒಬ್ಬೊಬ್ಬರದ್ದು ಬರ್ಕೊಳ್ಳಲ್ಲ ಮೇಡಂ’ ಎಂದರು. ಅವರು ಹೇಳಿದ್ದು ನಿಜ. ಆ ಮಾತು ಮಾತ್ರ ಅವತ್ತಿಂದ ನನ್ನನ್ನು ಬಿಟ್ಟಿಲ್ಲ.

ಧ್ವನಿಮತ

ವಿಧಾನಸಭೆಯಿರಲಿ ಲೋಕಸಭೆಯಿರಲಿ, ಮಸೂದೆಗಳು ಹೆಚ್ಚಾಗಿ ಪಾಸಾಗುವುದು ಹೀಗೆ. ಪೀಠದಲ್ಲಿರುವವರು ಪ್ರಸ್ತಾವವನ್ನು ಓದುತ್ತಾರೆ. ಪರ ಇರುವವರು ಹೌದು ಎನ್ನುತ್ತಾರೆ, ವಿರುದ್ಧ ಇರುವವರು ಇಲ್ಲ ಎನ್ನುತ್ತಾರೆ. ಯಾವ ಕಡೆ ದನಿ ಜಾಸ್ತಿ ಕೇಳಿಸಿತೋ ಆ ಕಡೆ ಗೆದ್ದಿತು ಎಂದು ಪೀಠ ಹೇಳುತ್ತದೆ. ಅಲ್ಲಿಗೆ ಮಸೂದೆ ಆ ಸದನದಲ್ಲಿ ಪಾಸಾಯಿತು. ಯಾರ ಹೆಸರೂ ಎಲ್ಲೂ ದಾಖಲಾಗುವುದಿಲ್ಲ. ಎಷ್ಟು ಜನ ಪರ, ಎಷ್ಟು ಜನ ವಿರುದ್ಧ ಎಂಬ ಲೆಕ್ಕವೂ ಇರುವುದಿಲ್ಲ.

ಇದಕ್ಕೆ ಒಪ್ಪದವರು ಮತ ವಿಭಜನೆ ಕೇಳಬಹುದು. ಪತ್ರಿಕೆಯವರೂ ಶಾಸಕರೂ ಇದನ್ನು ಡಿವಿಷನ್ ಅಂತಲೇ ಕರೆಯುತ್ತಾರೆ. ಆಗ ಒಬ್ಬೊಬ್ಬರ ಮತವನ್ನೂ ಎಣಿಸಬೇಕು. ಲೋಕಸಭೆಯಲ್ಲಿ ಇದಕ್ಕೆ ನಿಯಮ 367 ಇದೆ. ಅದೇ ನಿಯಮದಲ್ಲಿ ಇನ್ನೊಂದು ದಾರಿಯೂ ಇದೆ. ಡಿವಿಷನ್ ಅನಗತ್ಯವಾಗಿ ಕೇಳುತ್ತಿದ್ದಾರೆ ಎಂದು ಸ್ಪೀಕರ್‌ಗೆ ಅನ್ನಿಸಿದರೆ, ಸದಸ್ಯರನ್ನು ಇದ್ದ ಜಾಗದಲ್ಲೇ ಎದ್ದು ನಿಲ್ಲಿಸಿ ತಲೆ ಎಣಿಸಿ ಮುಗಿಸಬಹುದು. ಹಾಗೆ ಎಣಿಸಿದಾಗ ಮತ ಹಾಕಿದವರ ಹೆಸರುಗಳನ್ನು ದಾಖಲಿಸುವುದಿಲ್ಲ ಎಂದು ನಿಯಮವೇ ಹೇಳುತ್ತದೆ. ಇದನ್ನು ಮೊದಲ ಸಲ ಓದಿದಾಗ ನಾನು ಎರಡು ಸಲ ಓದಿದೆ. ಅಮೆರಿಕದ ಸಂವಿಧಾನದಲ್ಲಿ ಹಾಜರಿದ್ದ ಸದಸ್ಯರಲ್ಲಿ ಐದನೇ ಒಂದು ಭಾಗ ಕೇಳಿದರೆ ಸಾಕು, ಹೆಸರು ಸಮೇತ ಮತ ದಾಖಲಿಸಲೇಬೇಕು. ಅಲ್ಲಿ ಅದು ಸಂವಿಧಾನದ ಮಾತು. ನಮ್ಮಲ್ಲಿ ಅದು ಸದನದ ನಿಯಮ, ಅದರಲ್ಲೂ ಪೀಠದ ವಿವೇಚನೆಗೆ ಜಾಗ ಬಿಟ್ಟಿರುವ ನಿಯಮ.

ಇದರಿಂದ ಏನಾಗುತ್ತದೆ ಎಂದು ನೋಡಲು 2020ರ ಸೆಪ್ಟೆಂಬರ್ 20 ಸಾಕು. ಕೃಷಿ ಮಸೂದೆಗಳು ರಾಜ್ಯಸಭೆಗೆ ಬಂದ ದಿನ. ವಿರೋಧ ಪಕ್ಷದವರು ಡಿವಿಷನ್ ಕೇಳಿದರು. ಅವರು ತಮ್ಮ ಜಾಗದಲ್ಲಿ ಕೂತು ಕೇಳಲಿಲ್ಲ ಎಂದು ಪೀಠದ ಕಡೆಯಿಂದ ವಿವರಣೆ ಬಂತು. ಮಸೂದೆಗಳು ಧ್ವನಿಮತದಲ್ಲೇ ಪಾಸಾದವು. ಆಮೇಲೆ ದೆಹಲಿಯ ಗಡಿಯಲ್ಲಿ ರೈತರು ಒಂದು ವರ್ಷ ಕೂತರು. 2021ರ ನವೆಂಬರ್ 29ರಂದು ಅದೇ ಕಾನೂನುಗಳನ್ನು ವಾಪಸ್ ಪಡೆಯುವ ಮಸೂದೆ ಎರಡೂ ಸದನಗಳಲ್ಲಿ ಒಂದೇ ದಿನ ಪಾಸಾಯಿತು. ಅದೂ ಚರ್ಚೆಯಿಲ್ಲದೆ, ಅದೂ ಧ್ವನಿಮತದಲ್ಲಿ. ದೇಶವನ್ನೇ ಅಲುಗಾಡಿಸಿದ ಕಾನೂನು ಬಂದದ್ದಕ್ಕೂ ಹೋದದ್ದಕ್ಕೂ ರಾಜ್ಯಸಭೆಯ ಒಬ್ಬ ಸದಸ್ಯರ ಹೆಸರಿನ ಮುಂದೆಯೂ ಹೌದು ಅಥವಾ ಇಲ್ಲ ಎಂಬ ಗುರುತಿಲ್ಲ. ಪರ ಇದ್ದವರಿಗೂ ಇದು ನ್ಯಾಯ ಅಲ್ಲ, ವಿರುದ್ಧ ಇದ್ದವರಿಗೂ ಅಲ್ಲ.

ಹೆಸರು ದಾಖಲಾದಾಗ ಎಷ್ಟು ವ್ಯತ್ಯಾಸ ಆಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕು, ಹಾಗಾಗಿ ಅಲ್ಲಿ ಎಣಿಕೆ ಆಗಲೇಬೇಕು. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆ ಲೋಕಸಭೆಯಲ್ಲಿ 454–2ರಲ್ಲಿ ಪಾಸಾಯಿತು. ಆ ಇಬ್ಬರು ಯಾರು ಎಂದು ದೇಶಕ್ಕೆಲ್ಲ ಗೊತ್ತು: ಅಸಾದುದ್ದೀನ್ ಓವೈಸಿ ಮತ್ತು ಇಮ್ತಿಯಾಜ್ ಜಲೀಲ್. ಮುಸ್ಲಿಂ ಮತ್ತು ಹಿಂದುಳಿದ ವರ್ಗದ ಮಹಿಳೆಯರಿಗೆ ಒಳಮೀಸಲಾತಿ ಇಲ್ಲ ಎಂಬ ಕಾರಣವನ್ನೂ ಕೊಟ್ಟರು. ಅವರ ವಾದವನ್ನು ನೀವು ಒಪ್ಪಬಹುದು, ಬಿಡಬಹುದು. ಅವರ ಕ್ಷೇತ್ರದವರು ಮುಂದಿನ ಚುನಾವಣೆಯಲ್ಲಿ ಅದನ್ನು ಹಿಡಿದು ಕೇಳಬಹುದು, ಮೆಚ್ಚಬಹುದು, ಸಿಟ್ಟಾಗಬಹುದು. ಮತ ಹಾಕಿದವರಿಗೂ ಮತದಾರರಿಗೂ ನಡುವೆ ಮಾತಾಡಲು ಒಂದು ಗಟ್ಟಿ ವಿಷಯ ಸಿಕ್ಕಿತು. ನನಗೆ ಬೇಕಿರುವುದು ಇದೇ.

ಎಣಿಕೆಗೆ ತುಂಬ ಹೊತ್ತು ಹಿಡಿಯುತ್ತದೆ ಎನ್ನುವವರಿದ್ದಾರೆ. 2024ರ ಡಿಸೆಂಬರ್ 17ರಂದು ‘ಒಂದು ದೇಶ, ಒಂದು ಚುನಾವಣೆ’ ಮಸೂದೆ ಮಂಡನೆಯಾಗುವಾಗ ನಾನು ಟಿವಿ ಮುಂದೆ ಕೂತಿದ್ದೆ. ಹೊಸ ಸಂಸತ್ ಭವನದಲ್ಲಿ ಯಂತ್ರದ ಮೂಲಕ ನಡೆದ ಮೊದಲ ಮತದಾನ ಅದು. ಪರದೆಯ ಮೇಲೆ ಮೊದಲು 220–149 ಬಂತು. ಗುಂಡಿ ಸರಿಯಾಗಿ ಒತ್ತದವರು, ತಿದ್ದಿಕೊಳ್ಳಬೇಕಾದವರು ಚೀಟಿ ಕೇಳಿದರು. ಸಿಬ್ಬಂದಿ ಸಾಲುಸಾಲಾಗಿ ಹೋಗಿ ಚೀಟಿ ಹಂಚಿ, ತುಂಬಿಸಿಕೊಂಡು, ಎಣಿಸಿದರು. ಕೊನೆಗೆ 269–198 ಆಯಿತು. ಮಂಡಿಸಲು ಬಿಡಬೇಕೋ ಬೇಡವೋ ಎಂಬ ಮೊದಲ ಹಂತಕ್ಕೇ ಇಷ್ಟು ಜೋಪಾನ ಸಾಧ್ಯವಾದರೆ, ಮಸೂದೆ ಕಾನೂನಾಗುವ ಕೊನೆಯ ಹಂತಕ್ಕೆ ಯಾಕೆ ಸಾಧ್ಯವಿಲ್ಲ? ಯಂತ್ರ ಅವರ ಮೇಜಿನ ಮೇಲೇ ಇದೆ.

ನಮ್ಮ ವಿಧಾನಸಭೆಯಲ್ಲಿ 2024ರಲ್ಲಿ ಇನ್ನೊಂದು ಹೊಸತು ಬಂತು. ಶಾಸಕರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಗೆ ಹೋದರು ಎಂದು ಗುರುತಿಸುವ ಎಐ ಕ್ಯಾಮೆರಾ. ಒಳ್ಳೆಯದೇ. ಆದರೆ ಬಾಗಿಲು ದಾಟಿದ ನಿಮಿಷ ದಾಖಲಾಗುವ ಸದನದಲ್ಲಿ, ಒಳಗೆ ಕೂತು ಏನಂದರು ಎಂಬುದು ದಾಖಲಾಗುತ್ತಿಲ್ಲವಲ್ಲ ಎಂದು ನನಗೆ ನಿಜಕ್ಕೂ ಬೇಜಾರಾಗುತ್ತದೆ.

ವಿಪ್ ಇದ್ದ ಮೇಲೆ ಹೆಸರೇಕೆ?

ಇದನ್ನೆಲ್ಲ ಹೇಳಿದಾಗ ರಾಜಕೀಯ ಗೊತ್ತಿರುವವರು ಒಂದು ಮಾತು ಕೇಳುತ್ತಾರೆ. ಹೆಸರು ಬರೆದರೆ ಏನು ಸಿಗುತ್ತದೆ? ಪಕ್ಷ ವಿಪ್ ಕೊಡುತ್ತದೆ, ಅಂದರೆ ಹೀಗೇ ಮತ ಹಾಕಬೇಕು ಎಂದು ಆದೇಶಿಸುತ್ತದೆ, ಎಲ್ಲರೂ ಅದರಂತೆ ಮತ ಹಾಕುತ್ತಾರೆ. ಪಕ್ಷದ ನಿಲುವು ಗೊತ್ತಿದ್ದರೆ ಶಾಸಕನ ನಿಲುವೂ ಗೊತ್ತಾದ ಹಾಗೆ.

ಈ ಮಾತಿನಲ್ಲಿ ಹುರುಳಿದೆ. 1985ರಲ್ಲಿ 52ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. ಅದೇ ನಾವು ಪಕ್ಷಾಂತರ ನಿಷೇಧ ಕಾಯ್ದೆ ಅನ್ನುವುದು. ಪಕ್ಷದ ವಿಪ್ ಮೀರಿ ಮತ ಹಾಕಿದರೆ, ಅನುಮತಿಯಿಲ್ಲದೆ ಮತದಾನಕ್ಕೆ ಗೈರಾದರೆ, ಪಕ್ಷ ಹದಿನೈದು ದಿನದೊಳಗೆ ಕ್ಷಮಿಸದಿದ್ದರೆ ಸ್ಥಾನ ಹೋಗಬಹುದು. ದುಡ್ಡಿಗೆ, ಅಧಿಕಾರಕ್ಕೆ ಪಕ್ಷ ಬದಲಿಸುವವರನ್ನು ತಡೆಯಲು ತಂದ ಕಾನೂನು ಅದು. ಅದು ಎಷ್ಟು ತಡೆಯಿತು ಎಂಬುದಕ್ಕೆ ಕರ್ನಾಟಕಕ್ಕಿಂತ ಹತ್ತಿರದ ಸಾಕ್ಷಿ ಬೇಡ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ ವಿಶ್ವಾಸಮತ ಕಳೆದುಕೊಂಡಿತು. ಪರ 99, ವಿರುದ್ಧ 105. ಆವತ್ತು ಸಿಬ್ಬಂದಿ ಸಾಲುಸಾಲಾಗಿ ತಲೆ ಎಣಿಸಿದ್ದನ್ನು ರಾಜ್ಯವೇ ಟಿವಿಯಲ್ಲಿ ನೋಡಿತು. ಬಾರದೆ ಉಳಿದವರಿಂದಲೇ ಸರ್ಕಾರ ಬಿತ್ತು. ಆಮೇಲೆ ಸ್ಪೀಕರ್ ರಮೇಶ್ ಕುಮಾರ್ 17 ಜನರನ್ನು ಅನರ್ಹ ಮಾಡಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಎಂದಿತು, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಎಂದೂ ಹೇಳಿತು. ಡಿಸೆಂಬರ್‌ನಲ್ಲಿ ಉಪಚುನಾವಣೆ ನಡೆದು ಅವರಲ್ಲಿ ಹೆಚ್ಚಿನವರು ಹೊಸ ಪಕ್ಷದಿಂದ ಗೆದ್ದು ಬಂದರು.

ಅಂದರೆ ದೊಡ್ಡ ಜಿಗಿತವನ್ನು ಈ ಕಾನೂನು ನಿಲ್ಲಿಸಲಿಲ್ಲ. ಆದರೆ ದಿನನಿತ್ಯದ ಮಸೂದೆಗಳಲ್ಲಿ ಒಬ್ಬ ಪ್ರಾಮಾಣಿಕ ಶಾಸಕ ‘ನನ್ನ ಕ್ಷೇತ್ರಕ್ಕೆ ಇದು ಒಳ್ಳೆಯದಲ್ಲ’ ಎಂದು ಹೇಳುವುದನ್ನು ಅದು ಚೆನ್ನಾಗಿಯೇ ನಿಲ್ಲಿಸಿದೆ. ಕಡಲತೀರದ ಮೀನುಗಾರರನ್ನು ಪ್ರತಿನಿಧಿಸುವವರು ಮೀನುಗಾರಿಕೆಯ ಮಸೂದೆಗೆ, ಮಲೆನಾಡಿನವರು ಅರಣ್ಯದ ಮಸೂದೆಗೆ ಪಕ್ಷ ಹೇಳಿದ ಹಾಗೇ ಕೈ ಎತ್ತಬೇಕು. ಚುನಾವಣಾ ಸುಧಾರಣೆಗೆಂದು ರಚಿಸಿದ್ದ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು: ಅನರ್ಹತೆಯ ಭಯ ವಿಶ್ವಾಸ, ಅವಿಶ್ವಾಸದಂಥ ಮತಗಳಿಗೆ ಮಾತ್ರ ಇರಲಿ ಎಂದು. ಮೂರು ದಶಕ ದಾಟಿತು. ಯಾವ ಸರ್ಕಾರವೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ವಿರೋಧ ಪಕ್ಷದಲ್ಲಿದ್ದಾಗ ಬೇಕೆನಿಸುವ ಸುಧಾರಣೆ ಅಧಿಕಾರಕ್ಕೆ ಬಂದಾಗ ಬೇಡವಾಗುತ್ತದೆ.

ಆದರೂ ಹೆಸರು ದಾಖಲಾಗಲೇಬೇಕು ಎಂದು ನಾನು ಹೇಳುವುದು ಇದಕ್ಕೆ. ವಿಪ್ ಇದ್ದರೂ ಮತ ಹಾಕುವುದು ಒಬ್ಬ ಮನುಷ್ಯ. ವಿಪ್ ಒಪ್ಪಿ ಹಾಕಿದೆ ಎಂದು ಅವರು ನಮ್ಮೆದುರು ಹೇಳಲಿ. ಒಪ್ಪಲಾಗದೆ ಹೊರಗೆ ಉಳಿದೆ ಎಂದಾದರೂ ಹೇಳಲಿ. ರಾಜ್ಯಸಭೆ ಚುನಾವಣೆಯನ್ನೇ ನೋಡಿ. 2003ರಿಂದ ಅಲ್ಲಿ ಬಹಿರಂಗ ಮತದಾನ. ಶಾಸಕರು ತಮ್ಮ ಮತಪತ್ರವನ್ನು ಪೆಟ್ಟಿಗೆಗೆ ಹಾಕುವ ಮೊದಲು ಪಕ್ಷದ ಏಜೆಂಟರಿಗೆ ತೋರಿಸಬೇಕು. ಪಕ್ಷಕ್ಕೆ ತೋರಿಸಬಹುದಾದ ಮತವನ್ನು, ಆ ಶಾಸಕರನ್ನು ಗೆಲ್ಲಿಸಿ ಕಳಿಸಿದ ಜನರಿಗೆ ತೋರಿಸುವ ಏರ್ಪಾಡು ಯಾಕಿಲ್ಲ?

ಎಣಿಸಲು ಸುಲಭವಾದದ್ದು

ಮತದ ದಾಖಲೆ ಸಿಗದ ಕಾರಣ ನಾವು ಸಿಗುವುದನ್ನು ಎಣಿಸುತ್ತೇವೆ. 2024ರ ಲೋಕಸಭಾ ಚುನಾವಣೆಗೆ ಮುಂಚೆ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ಚಿತ್ರ ಬಂತು. ರಾಜ್ಯದ 28 ಸಂಸದರ ಫೋಟೊ, ಪಕ್ಕದಲ್ಲಿ ಹಾಜರಾತಿ ಶೇಕಡಾ ಇಷ್ಟು, ಪ್ರಶ್ನೆ ಇಷ್ಟು, ಚರ್ಚೆ ಇಷ್ಟು. ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಎಂಬ ಸಂಸ್ಥೆ ವರ್ಷಗಳಿಂದ ಶ್ರದ್ಧೆಯಿಂದ ಒಟ್ಟುಗೂಡಿಸುವ ಅಂಕಿಗಳು ಅವು. ನಮ್ಮ ಚಿಕ್ಕಪ್ಪ ‘ನೋಡ್ರೋ, ನಮ್ಮೋರು ಫಸ್ಟ್ ಕ್ಲಾಸು’ ಎಂದು ಬರೆದರು. ಅತ್ತೆಯ ಮಗ ‘ಪಕ್ಕದ ಕ್ಷೇತ್ರದವರು ಸೊನ್ನೆ ಪ್ರಶ್ನೆ ಕೇಳಿದ್ದಾರೆ, ನಾಚಿಕೆ ಆಗ್ಬೇಕು’ ಎಂದ. ಪಕ್ಕದ ಕ್ಷೇತ್ರದವರು ಕೇಂದ್ರದಲ್ಲಿ ಮಂತ್ರಿ. ಮಂತ್ರಿಗಳು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಹಾಜರಾತಿ ಪುಸ್ತಕಕ್ಕೆ ಅವರ ಸಹಿಯೂ ಬೇಕಿಲ್ಲ. ಚಿತ್ರದಲ್ಲಿ ಅದನ್ನು ಯಾರೂ ಬರೆದಿರಲಿಲ್ಲ.

ಹಾಜರಾತಿ ಬೇಡ ಎನ್ನುತ್ತಿಲ್ಲ. ಸಹಿ ಮಾಡಿದ ದಿನಕ್ಕೇ ಸಂಸದರಿಗೆ ದಿನಭತ್ಯೆ. ಅದು ಈಗ 2,500 ರೂಪಾಯಿ. ತಿಂಗಳ ಸಂಬಳ 1,24,000 ರೂಪಾಯಿ. ಆದರೆ ಬೆಳಿಗ್ಗೆ ಸಹಿ ಹಾಕಿದವರು ಮಸೂದೆ ಪಾಸಾಗುವ ಸಂಜೆ ಆರಕ್ಕೆ ಸದನದಲ್ಲಿದ್ದರೋ ಇಲ್ಲವೋ ಎಂದು ಆ ಪುಸ್ತಕ ಹೇಳುವುದಿಲ್ಲ. ಇನ್ನೊಂದು ವಿಷಯ. ಹಾಜರಾತಿಯ ಶೇಕಡಾ ಲೆಕ್ಕ ಹಾಕುವುದು ಸದನ ಸೇರಿದ ದಿನಗಳ ಮೇಲೆ. ಮೊದಲ ಲೋಕಸಭೆ ಐದು ವರ್ಷಗಳಲ್ಲಿ 677 ದಿನ ಸೇರಿತ್ತು. ಹದಿನೇಳನೆಯದು ಸೇರಿದ್ದು 274 ದಿನ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಸಬೇಕು ಎಂದು 2005ರಲ್ಲಿ ಕಾಯ್ದೆಯನ್ನೇ ಮಾಡಿಕೊಂಡೆವು. ಅದು ಪಾಲನೆಯಾದ ವರ್ಷಗಳು ಅಪರೂಪ. ಸದನವೇ ಸೇರದಿದ್ದರೆ ನೂರಕ್ಕೆ ನೂರು ಹಾಜರಾತಿಯಿಂದ ನಮಗೇನು ಬಂತು?

ಪ್ರಶ್ನೆಗಳ ವಿಷಯ ಬೇರೆ. ಅಲ್ಲಿ ನಿಜವಾದ ಸರಕಿದೆ. ವಾಟ್ಸ್ಆ್ಯಪ್ ಚರ್ಚೆಯ ನಂತರ ಒಂದು ಭಾನುವಾರ ಅತ್ತೆಯ ಮಗನೂ ನಾನೂ ಲ್ಯಾಪ್‌ಟಾಪ್ ಮುಂದೆ ಕೂತೆವು. ಲೋಕಸಭೆಯ ವೆಬ್‌ಸೈಟಿನಲ್ಲಿ ನಮ್ಮ ಸಂಸದರ ಹೆಸರು ಹಾಕಿ ಒಂದೊಂದೇ ಪ್ರಶ್ನೆ ತೆಗೆದು ಓದಿದೆವು. ಒಂದೊಂದೂ ಒಂದು ಪಿಡಿಎಫ್. ಮೇಲೆ ಪ್ರಶ್ನೆಯ ಸಂಖ್ಯೆ, ದಿನಾಂಕ, ಕೇಳಿದವರ ಹೆಸರು. ಕೆಳಗೆ ಎ, ಬಿ, ಸಿ, ಡಿ ಎಂದು ನಾಲ್ಕು ತುಂಡುಗಳ ಪ್ರಶ್ನೆ. ಅದರ ಕೆಳಗೆ ನಾಲ್ಕಕ್ಕೂ ಸೇರಿಸಿ ಒಂದೇ ಪ್ಯಾರಾದ ಉತ್ತರ. ಕೆಲವು ಪ್ರಶ್ನೆಗಳಲ್ಲಿ ಕೇಳಿದವರ ಹೆಸರಿನ ಸಾಲೇ ಉದ್ದವಾಗಿತ್ತು. ಬೇರೆ ಬೇರೆ ರಾಜ್ಯದ ಸಂಸದರು ಒಂದೇ ಪ್ರಶ್ನೆಗೆ ಹೆಸರು ಸೇರಿಸಿದ್ದರು. ಅದು ಅಷ್ಟೂ ಜನರ ಲೆಕ್ಕಕ್ಕೆ ಒಂದೊಂದು ಪ್ರಶ್ನೆ. ಇನ್ನು ಕೆಲವು ಯಾವುದೋ ಯೋಜನೆಯ ಅಂಕಿ ಕೇಳುವ ಪ್ರಶ್ನೆಗಳು. ಇಲಾಖೆಯ ವೆಬ್‌ಸೈಟಿನಲ್ಲೇ ಸಿಗುವಂಥವು.

ನಡುವೆ ಒಂದು ಪ್ರಶ್ನೆ ಸಿಕ್ಕಿತು. ನಮ್ಮ ಕಡೆಯ ಒಂದು ರೈಲು ಮಾರ್ಗದ ಬಗ್ಗೆ. ಸರ್ವೆ ಯಾವಾಗ ಮುಗಿಯಿತು, ಭೂಮಿ ಎಷ್ಟು ಸಿಕ್ಕಿದೆ, ರಾಜ್ಯ ಸರ್ಕಾರದಿಂದ ಬರಬೇಕಾದ ಪಾಲು ಎಷ್ಟು ಬಾಕಿ ಎಂದು ಕೇಳಿದ್ದರು. ಕೇಳಿದವರಿಗೆ ವಿಷಯ ಗೊತ್ತಿದೆ ಎಂದು ಓದಿದರೆ ತಿಳಿಯುತ್ತದೆ. ಉತ್ತರದ ಕೊನೆಯ ಸಾಲು ‘ಪರಿಶೀಲನೆಯಲ್ಲಿದೆ’ ಎಂದಿತ್ತು. ಅತ್ತೆಯ ಮಗ ಅಲ್ಲಿಗೇ ಬಿಟ್ಟುಬಿಡುತ್ತಿದ್ದ. ಆದರೆ ಸದನದಲ್ಲಿ ಮಂತ್ರಿ ‘ಪರಿಶೀಲನೆಯಲ್ಲಿದೆ’ ಎಂದರೆ ಅದಕ್ಕೆ ಬೆಲೆ ಇದೆ. ಅಂಥ ಮಾತು ಸರ್ಕಾರದ ಭರವಸೆ ಎಂದು ಲೆಕ್ಕಕ್ಕೆ ಬರುತ್ತದೆ. ಮೂರು ತಿಂಗಳಲ್ಲಿ ಅದನ್ನು ಈಡೇರಿಸಬೇಕು, ಆಗದಿದ್ದರೆ ಹೆಚ್ಚಿನ ಸಮಯ ಕೇಳಬೇಕು. ಇದನ್ನು ನೋಡಿಕೊಳ್ಳಲು ಲೋಕಸಭೆಯಲ್ಲಿ 1953ರಿಂದಲೂ ಸರ್ಕಾರಿ ಭರವಸೆಗಳ ಸಮಿತಿ ಇದೆ. ನಮ್ಮ ವಿಧಾನಮಂಡಲದಲ್ಲೂ ಅಂಥ ಸಮಿತಿ ಇದೆ. ಹಾಗಾಗಿ ನಾವು ಹುಡುಕಬೇಕಾದ್ದು ಮುಂದಿನದನ್ನು. ಆ ಸಂಸದರು ಮುಂದಿನ ಅಧಿವೇಶನದಲ್ಲಿ ಅದೇ ಮಾರ್ಗದ ಬಗ್ಗೆ ಮತ್ತೆ ಕೇಳಿದರಾ? ನಾವು ಹುಡುಕಿದೆವು. ಕೇಳಿರಲಿಲ್ಲ. ಪ್ರಶ್ನೆಗಳ ಒಟ್ಟು ಸಂಖ್ಯೆಯಲ್ಲಿ ಅವರು ರಾಜ್ಯದ ಮುಂಚೂಣಿಯಲ್ಲಿದ್ದರು. ಹಿಡಿದ ವಿಷಯವನ್ನು ಬಿಡದೆ ಹಿಡಿದದ್ದು ಮಾತ್ರ ನಮಗೆ ಕಾಣಲಿಲ್ಲ.

ಅಂದಿನಿಂದ ನಾನು ಪ್ರಶ್ನೆಗಳನ್ನು ಎಣಿಸುವುದಿಲ್ಲ, ಓದುತ್ತೇನೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿಗೆ ಮಂತ್ರಿಗಳು ಬಾಯಲ್ಲಿ ಉತ್ತರ ಕೊಡಬೇಕು, 230 ಚುಕ್ಕೆ ಗುರುತಿಲ್ಲದವಕ್ಕೆ ಲಿಖಿತ ಉತ್ತರ. ಯಾರ ಪ್ರಶ್ನೆ ಬರುತ್ತದೆ ಎಂಬುದು ಲಾಟರಿಯಲ್ಲಿ ತೀರ್ಮಾನ ಆಗುತ್ತದೆ. ಆದ್ದರಿಂದ ಸಂಖ್ಯೆಯಲ್ಲಿ ಅದೃಷ್ಟವೂ ಸೇರಿದೆ. ವಿಷಯದಲ್ಲಿ ಸೇರಿಲ್ಲ. ಹಾಗೆಯೇ ಸ್ಥಾಯಿ ಸಮಿತಿಗಳು, ಅಂದರೆ ಮಸೂದೆಗಳನ್ನೂ ಇಲಾಖೆಗಳ ಕೆಲಸವನ್ನೂ ಪರಿಶೀಲಿಸುವ ಸಂಸದರ ಸಮಿತಿಗಳು. ಅವುಗಳ ಸಭೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ, ಟಿವಿಯಲ್ಲಿ ಬರುವುದಿಲ್ಲ. ಆದರೆ ವರದಿಯ ಕೊನೆಯಲ್ಲಿ ನಡವಳಿ ಇರುತ್ತದೆ. ಯಾವ ಸಭೆಗೆ ಯಾರು ಬಂದಿದ್ದರು ಎಂಬ ಪಟ್ಟಿ ಅಲ್ಲಿದೆ. ಒಪ್ಪದವರು ಭಿನ್ನಾಭಿಪ್ರಾಯ ಬರೆದಿದ್ದರೆ ಅದೂ ಇರುತ್ತದೆ. ಯಾರೂ ತಿರುಗಿ ನೋಡದ ಆ ಕೊನೆಯ ಪುಟಗಳಲ್ಲಿ ಒಬ್ಬ ಸಂಸದರ ಕೆಲಸ ಎಷ್ಟೋ ಚೆನ್ನಾಗಿ ಕಾಣುತ್ತದೆ. ಟಿವಿಯಲ್ಲಿ ಜೋರಾಗಿ ಮಾತಾಡುವ ಕೆಲವರ ಹೆಸರು ಆ ಪಟ್ಟಿಗಳಲ್ಲಿ ಅಪರೂಪ.

ದುಡ್ಡಿನ ಲೆಕ್ಕ

ಊರಿನ ಬಸ್ ತಂಗುದಾಣದ ಮೇಲೆ ಸಂಸದರ ಹೆಸರು ಎಷ್ಟು ದೊಡ್ಡದಾಗಿರುತ್ತದೆ ಎಂದು ಹೇಳಬೇಕಿಲ್ಲ. ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆ 1993ರ ಡಿಸೆಂಬರ್‌ನಲ್ಲಿ ಶುರುವಾಯಿತು. 2011–12ರಿಂದ ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ. ನಮ್ಮ ಶಾಸಕರಿಗೆ ವರ್ಷಕ್ಕೆ 2 ಕೋಟಿ. ಸಂಸದರು ಮಾಡುವುದು ಶಿಫಾರಸು. ಮಂಜೂರು ಮಾಡುವುದು, ಕೆಲಸ ಮಾಡಿಸುವುದು ಜಿಲ್ಲಾಡಳಿತ. ಹಣ ನಮ್ಮದು. ಫಲಕದಲ್ಲಿ ಹೆಸರಿನ ಜೊತೆ ಕಾಮಗಾರಿಯ ವೆಚ್ಚ, ಶುರುವಾದ ಮತ್ತು ಮುಗಿದ ದಿನಾಂಕವೂ ಇರಬೇಕು ಎಂದು ಮಾರ್ಗಸೂಚಿ ಹೇಳುತ್ತದೆ. ನಿಮ್ಮೂರಿನ ತಂಗುದಾಣದಲ್ಲಿ ಮುಗಿದ ದಿನಾಂಕ ಬರೆದಿದೆಯಾ, ಒಮ್ಮೆ ನೋಡಿ.

ಶೇಕಡಾ ಇಷ್ಟು ಹಣ ಬಳಕೆಯಾಗಿದೆ ಎಂಬ ಅಂಕಿಯ ಮೇಲೆ ಸಂಸದರನ್ನು ಹೊಗಳುವುದೋ ಬೈಯುವುದೋ ಸುಲಭ. ಆದರೆ ಹಣ ಉಳಿದದ್ದು ಸಂಸದರು ಶಿಫಾರಸು ಮಾಡದೆ ಇದ್ದದ್ದಕ್ಕೋ, ಜಿಲ್ಲಾ ಕಚೇರಿಯಲ್ಲಿ ಕಡತ ನಿಂತದ್ದಕ್ಕೋ ಆ ಅಂಕಿಯಿಂದ ಗೊತ್ತಾಗುವುದಿಲ್ಲ. ಎಲ್ಲಿ ಖರ್ಚಾಯಿತು ಎಂಬುದು ಇನ್ನೂ ಮುಖ್ಯ. ಪರಿಶಿಷ್ಟ ಜಾತಿಯವರು ಇರುವ ಪ್ರದೇಶಕ್ಕೆ ಕನಿಷ್ಠ ಶೇ 15, ಪರಿಶಿಷ್ಟ ಪಂಗಡದವರ ಪ್ರದೇಶಕ್ಕೆ ಶೇ 7.5 ಎಂಬ ನಿಯಮವಿದೆ. ಕಾಮಗಾರಿಗಳ ಪಟ್ಟಿ ತೆಗೆದುಕೊಂಡು ಊರಿನ ಹೆಸರುಗಳನ್ನು ಗುರುತು ಮಾಡುತ್ತಾ ಹೋದರೆ ಅರ್ಧ ಗಂಟೆಯಲ್ಲಿ ಚಿತ್ರ ಸಿಗುತ್ತದೆ. ಸ್ಥಳೀಯರಾದ ನಮಗೆ ಮಾತ್ರ ಸಿಗುವ ಚಿತ್ರ ಅದು. ಯಾವ ಕಾಲೋನಿಗೆ ರಸ್ತೆ ಇಲ್ಲ ಎಂದು ದೆಹಲಿಯ ಸಂಸ್ಥೆಗೆ ಹೇಗೆ ಗೊತ್ತಾಗಬೇಕು?

ಚುನಾವಣಾ ಖರ್ಚಿನ ಲೆಕ್ಕವೂ ಸಾರ್ವಜನಿಕ ದಾಖಲೆಯೇ. ಲೋಕಸಭೆಗೆ ಅಭ್ಯರ್ಥಿಯ ಮಿತಿ 95 ಲಕ್ಷ, ವಿಧಾನಸಭೆಗೆ 40 ಲಕ್ಷ. ಫಲಿತಾಂಶ ಬಂದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡಬೇಕು. ಯಾರು ಬೇಕಾದರೂ ಶುಲ್ಕ ಕಟ್ಟಿ ಅದನ್ನು ನೋಡಬಹುದು. ನಿಯಮದಲ್ಲಿ ಬರೆದಿರುವ ಆ ಶುಲ್ಕ ಒಂದು ರೂಪಾಯಿ. ನಾನು ನೋಡಲು ಹೋದಾಗ ಗುಮಾಸ್ತರು ‘ಯಾವ ಪಾರ್ಟಿ ಕಡೆಯವರು?’ ಎಂದು ಕೇಳಿದರು. ಯಾವ ಪಾರ್ಟಿಯೂ ಅಲ್ಲ, ಓಟು ಹಾಕಿದವಳು ಎಂದೆ. ಕಡತ ತಂದುಕೊಟ್ಟು, ಕೂರಲು ಜಾಗವನ್ನೂ ಮಾಡಿಕೊಟ್ಟರು.

ಒಳಗೆ ದಿನದಿನದ ಖರ್ಚು ಇತ್ತು. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಆಟೊಗೆ ಕಟ್ಟಿದ ಮೈಕು, ಕರಪತ್ರ, ಕಾರ್ಯಕರ್ತರ ಊಟ. ಪ್ರತಿಯೊಂದಕ್ಕೂ ಜಿಲ್ಲಾಡಳಿತ ಮೊದಲೇ ನಿಗದಿ ಮಾಡಿದ ದರ. ಅಭ್ಯರ್ಥಿ ಬರೆದ ಲೆಕ್ಕದ ಜೊತೆಗೆ, ವೀಕ್ಷಕರ ತಂಡ ವಿಡಿಯೊ ನೋಡಿ ತಾನೇ ಬರೆದುಕೊಂಡ ಶ್ಯಾಡೋ ರಿಜಿಸ್ಟರೂ ಇತ್ತು. ಒಂದು ಸಭೆಗೆ ಅಭ್ಯರ್ಥಿ ಬರೆದ ಕುರ್ಚಿಗಿಂತ ತಂಡ ಎಣಿಸಿದ ಕುರ್ಚಿ ಜಾಸ್ತಿ ಇತ್ತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ವ್ಯತ್ಯಾಸ ಬರೆದಿದ್ದರು. ಇಷ್ಟು ಶ್ರದ್ಧೆಯಿಂದ ಯಾರೋ ಕೂತು ಎಣಿಸಿದ್ದಾರೆ ಎಂದು ನೋಡಿ ನನಗೆ ಗೌರವ ಬಂತು. ಅದೇ ಹೊತ್ತಿಗೆ ಬೇಸರವೂ ಆಯಿತು. ಆ ಚುನಾವಣೆ ಹೇಗೆ ನಡೆಯಿತು ಎಂದು ಆ ಕ್ಷೇತ್ರದಲ್ಲಿ ಬದುಕುವ ನಮಗೆ ಗೊತ್ತು. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಸ್ಟಾರ್ ಪ್ರಚಾರಕರ ಓಡಾಟ ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ರಾತ್ರಿ ಮನೆಮನೆಗೆ ಹೋದ ದುಡ್ಡಿಗೆ ರಸೀದಿ ಇರುವುದಿಲ್ಲ. ಕುರ್ಚಿಗೆ ಮಾತ್ರ ಇದೆ.

ಕೇಳಿದರೆ ಸಿಗುವುದೇ?

ಹಿಂದೆ ಅಭ್ಯರ್ಥಿಗಳ ಆಸ್ತಿ, ಸಾಲ, ಕ್ರಿಮಿನಲ್ ಕೇಸುಗಳ ವಿವರ ನಮಗೆ ಸಿಗುತ್ತಿರಲಿಲ್ಲ. ಅದು ಸಿಗಬೇಕು ಎಂದು ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಎಂಬ ಸಂಸ್ಥೆ 1999ರಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. 2002ರ ಮೇ 2ರಂದು ಸುಪ್ರೀಂ ಕೋರ್ಟ್ ಹೌದು, ಮತದಾರರಿಗೆ ತಿಳಿಯುವ ಹಕ್ಕಿದೆ ಎಂದಿತು. ಆ ತೀರ್ಪನ್ನು ದುರ್ಬಲ ಮಾಡಲು ಸಂಸತ್ತು ಕಾನೂನನ್ನೇ ತಿದ್ದಿತು. 2003ರ ಮಾರ್ಚ್ 13ರಂದು ಕೋರ್ಟ್ ಆ ತಿದ್ದುಪಡಿಯನ್ನು ಹೊಡೆದುಹಾಕಿತು. ಈಗ ಪ್ರತಿ ಚುನಾವಣೆಯಲ್ಲೂ ನಾವು ಸಹಜವಾಗಿ ಓದುವ ಅಫಿಡವಿಟ್‌ಗಳು ಹೀಗೆ ಬಂದವು.

ಮತದ ದಾಖಲೆಗೆ ಇಷ್ಟು ದೂರ ಹೋಗಬೇಕಾಗಿಲ್ಲ ಎಂಬುದು ನನ್ನ ನಂಬಿಕೆ. ಸದನದ ಕಲಾಪದ ನಿಯಮಗಳನ್ನು ಸದನವೇ ಮಾಡಿಕೊಳ್ಳುತ್ತದೆ. ಸಂಸತ್ತಿಗೆ 118ನೇ ವಿಧಿ, ರಾಜ್ಯಗಳಿಗೆ 208ನೇ ವಿಧಿ ಆ ಅಧಿಕಾರ ಕೊಟ್ಟಿವೆ. ಮಸೂದೆಯ ಕೊನೆಯ ಹಂತದಲ್ಲಿ ಹೆಸರು ಸಮೇತ ಮತ ದಾಖಲಾಗಬೇಕು ಎಂದು ನಮ್ಮ ವಿಧಾನಸಭೆ ತನ್ನ ನಿಯಮ ತಿದ್ದಿಕೊಂಡರೆ ಸಾಕು. ಸಂವಿಧಾನ ತಿದ್ದಬೇಕಿಲ್ಲ, ದೆಹಲಿಯ ಅನುಮತಿ ಬೇಕಿಲ್ಲ. ಅಲ್ಲಿವರೆಗೆ ಯಾವ ಶಾಸಕರು ಬೇಕಾದರೂ ಎದ್ದು ನಿಂತು ಡಿವಿಷನ್ ಕೇಳಬಹುದು. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಮಂಡಿಸುವಾಗ, ಸಂಸದೀಯ ಪದ್ಧತಿಯಲ್ಲಿ ಸರ್ಕಾರದ ಹೊಣೆಗಾರಿಕೆಯನ್ನು ಎರಡು ರೀತಿ ಅಳೆಯುತ್ತೇವೆ ಎಂದಿದ್ದರು. ಚುನಾವಣೆಯಲ್ಲಿ ಜನ ಅಳೆಯುತ್ತಾರೆ, ಪ್ರತಿದಿನ ಸದನದ ಸದಸ್ಯರು ಅಳೆಯುತ್ತಾರೆ. ದಿನದಿನದ ಅಳತೆಯೇ ಹೆಚ್ಚು ಪರಿಣಾಮಕಾರಿ ಎಂಬುದು ಅವರ ಅಭಿಪ್ರಾಯ. ಆ ದಿನದಿನದ ಕೆಲಸವನ್ನು ನಮ್ಮ ಪರವಾಗಿ ಮಾಡುವವರು ಮಾಡಿದ್ದಾರೋ ಇಲ್ಲವೋ ಎಂದು ನೋಡಲು ನಮಗೆ ಹೆಸರು ಬೇಕು.

ಬೆಳಗಾವಿಯ ಮುಂದಿನ ಚಳಿಗಾಲದ ಅಧಿವೇಶನಕ್ಕೆ ಮುಂಚೆ ನಮ್ಮ ಶಾಸಕರಿಗೆ ಕೊಡಲು ಒಂದು ಪತ್ರ ಬರೆದಿಟ್ಟಿದ್ದೇನೆ. ಅದರಲ್ಲಿ ಮೂರೇ ಮಾತಿದೆ. ನೀವು ಈ ಅಧಿವೇಶನದಲ್ಲಿ ಒಂದು ಮಸೂದೆಗಾದರೂ ಡಿವಿಷನ್ ಕೇಳುತ್ತೀರಾ? ಮತ ದಾಖಲೆ ಕಡ್ಡಾಯ ಮಾಡುವ ನಿಯಮ ತಿದ್ದುಪಡಿಗೆ ಸೂಚನೆ ಕೊಡುತ್ತೀರಾ? ಅದು ಆಗುವವರೆಗೆ, ಪ್ರತಿ ಅಧಿವೇಶನದ ಕೊನೆಗೆ ಯಾವ ಮಸೂದೆಗೆ ಹೌದು ಎಂದಿರಿ, ಯಾವುದಕ್ಕೆ ಇಲ್ಲ ಎಂದಿರಿ ಎಂದು ನಿಮ್ಮ ಕಚೇರಿಯ ಬಾಗಿಲಿಗೆ ಒಂದು ಹಾಳೆ ಅಂಟಿಸುತ್ತೀರಾ? ನಿಮ್ಮ ಶಾಸಕರಿಗೂ ಇದನ್ನೇ ಬರೆಯಬೇಕು ಎನಿಸಿದರೆ ಈ ಮೂರು ಸಾಲುಗಳನ್ನು ಹಾಗೇ ತೆಗೆದುಕೊಳ್ಳಿ. ಉತ್ತರ ಬಂದರೆ ನನಗೂ ತಿಳಿಸಿ.